ಗಾದಿ ಮಾಡುವವನ ಮಗನ ಟೊಂಕ

ಮುಂಡರಗಿಯಲ್ಲಿ ನಾವಿದ್ದ ಬಾಡಿಗೆ ಮನೆಯ ಎದುರಿಗೆ ಗುಡಿಯ ಪೂಜಾರರೊಬ್ಬರ ಮನೆ. ಬೆಳಿಗ್ಗೆ ಅವರು ಕೊಡ ಹಿಡಿದು ನೀರಿಗೆ ಹೊರಡುವುದಕ್ಕೂ ನಾನು ಒಂದು ಕೈ ಗೋಡೆಗೆ, ಒಂದು ಕೈ ಟೊಂಕಕ್ಕೆ ಕೊಟ್ಟುಕೊಂಡು ಬಾಗಿಲಿಗೆ ಬರುವುದಕ್ಕೂ ಸರಿಹೋಗುತ್ತಿತ್ತು. ಪೂಜಾರರು ಕೊಡ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡುವರು.

“ಏನ್ರಿ ಮಾಸ್ತರ, ನಿಮ್ಮಪ್ಪಾರು ಊರ ಮಂದಿನ್ನೆಲ್ಲಾ ಮೆತ್ತಗ ಮಲಗಸ್ತಾರ. ಮಗನ್ನಷ್ಟ ಯಾಕ ಹಿಂಗ ಮುರದು ಹಾಕ್ಯಾರ?”

ನಾನೂ ನಗುತ್ತಿದ್ದೆ. ನಗುವುದಕ್ಕೂ ಟೊಂಕ ಬೇಕಾಗುತ್ತದೆ ಎಂದು ತಿಳಿದದ್ದು ಆಗಲೇ.

ಪೂಜಾರರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮಪ್ಪ ಲಕ್ಷ್ಮೇಶ್ವರದಲ್ಲಿ ಹತ್ತಿ ಹಿಂಜಿ ಗಾದಿ ಮಾಡುವವನು. ಅವನಪ್ಪನೂ ಅದೇ ಕೆಲಸದವನು. ಆಳೆತ್ತರದ ಬಿಲ್ಲನ್ನು ಹೆಗಲ ಮೇಲೆ ಹೊತ್ತು, ಅದರ ತಂತಿಯನ್ನು ಮರದ ಬಡಿಗೆಯಿಂದ ಟಂಯ್ ಎನ್ನಿಸುತ್ತ ಅಪ್ಪ ಶಿರಹಟ್ಟಿ, ಹರ್ತಿ ಕಡೆಗೆಲ್ಲ ತಿರುಗುತ್ತಿದ್ದ. ಕೂಗಿ ಕರೆಯುವ ಪದ್ಧತಿ ಇರಲಿಲ್ಲ. ತಂತಿಯ ಸಪ್ಪಳ ಕೇಳಿಯೇ ಹೆಣ್ಣುಮಕ್ಕಳು ಗಂಟುಗಟ್ಟಿದ ಹಳೆಯ ಗಾದಿಗಳನ್ನು ಕಟ್ಟೆಗೆ ತಂದು ಒಗೆಯುತ್ತಿದ್ದರು. ಅಪ್ಪ ಹೊಲಿಗೆ ಬಿಚ್ಚಿ, ಹತ್ತಿ ಹೊರಗೆ ತೆಗೆದು, ಬಿಲ್ಲಿನಿಂದ ಹಿಂಜಿ, ಮೋಡದ ಹಾಗೆ ಮಾಡಿ ಮತ್ತೆ ತುಂಬುವನು. ದಬ್ಬಣದಿಂದ ಕೊನೆಯ ಹೊಲಿಗೆ ಹಾಕಿದ ಮೇಲೆ ಗಾದಿಯ ನಟ್ಟನಡುವೆ ಅಂಗೈ ಊರಿ ಒತ್ತಿ, ಕೈ ತೆಗೆದು ಕಾಯುವನು. ಒತ್ತಿದ ಗುರುತು ತಾನಾಗಿ ಮೇಲೆದ್ದು ಮಾಯವಾಗಬೇಕು. ಆಗಲೇ ಅದು ಗಾದಿ. ಗುರುತು ಉಳಿದರೆ ಮತ್ತೆ ಬಿಚ್ಚುವನು.

ಈ ಅಂಗೈ ಪರೀಕ್ಷೆಯೇ ನನ್ನ ಟೊಂಕಕ್ಕೆ ಮುಳುವಾಯಿತು.

ಎಪ್ಪತ್ತರ ದಶಕದಲ್ಲಿ ನನ್ನ ಮದುವೆಯಾದಾಗ ಅಪ್ಪ ನನಗೊಂದು ಗಾದಿ ಮಾಡಿದ. ಗಿರಾಕಿಯ ಗಾದಿಗೆ ಎಷ್ಟು ಹತ್ತಿ ಬೇಕೆಂಬುದು ಅವನ ಕೈಗೆ ಗೊತ್ತು, ತಕ್ಕಡಿ ಬೇಕಾಗಿರಲಿಲ್ಲ. ಆದರೆ ಮಗನ ಗಾದಿ ಎಂದಾಗ ಆ ಕೈಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯಲಿಲ್ಲ. ಹಿಂಜಿದಷ್ಟೂ ತುಂಬಿದ. ಪಕ್ಕದಲ್ಲಿ ಹತ್ತಿ ಎತ್ತಿಕೊಡುತ್ತಿದ್ದ ಅವ್ವ, “ಸಾಕು ಮಾಡ್ರಿ, ಹೊಟ್ಟಿ ಒಡದೀತು ಅದರದು,” ಅಂದಳು. “ನೀ ಸುಮ್ಮನ ಕೊಡು. ನಮ್ಮ ಮನ್ಯಾಗ ಮೊದಲನೇ ಸಲ ಒಬ್ಬಾಂವ ಕುರ್ಚಿ ಮ್ಯಾಲ ಕುಂತು ದುಡ್ಯಾವ ಆಗ್ಯಾನ. ಅಂವ ಮಲಗೂದೂ ಹಂಗ ಇರಬೇಕು,” ಅಂದ ಅಪ್ಪ. ಆ ಗಾದಿಯನ್ನು ಮುಂಡರಗಿ ಬಸ್ಸಿನ ಮೇಲೆ ಏರಿಸುವಾಗ ಕಂಡಕ್ಟರ್ ಕೇಳಿದ, “ಇದಕ್ಕ ಟಿಕೀಟು ಅರ್ಧಾ ಹರೀಲ್ಯೋ, ಪೂರಾ ಹರೀಲ್ಯೋ?”

ಅಷ್ಟಕ್ಕೇ ಮುಗಿದಿದ್ದರೆ ನನ್ನ ನಡ ಉಳಿಯುತ್ತಿತ್ತೇನೋ. ಹತ್ತಿಯ ಗಾದಿ ಮಲಗುತ್ತ ಮಲಗುತ್ತ ಕೂರುತ್ತದೆ, ಗಟ್ಟಿಯಾಗುತ್ತದೆ. ಎಲ್ಲರ ಮನೆಯಲ್ಲೂ ಮೂರ‍್ನಾಲ್ಕು ವರ್ಷಕ್ಕೊಮ್ಮೆ ಹಿಂಜಿಸುತ್ತಾರೆ. ನನ್ನ ಗಾದಿಗೆ ಆ ಸವಲತ್ತು ಇರಲಿಲ್ಲ. ಪ್ರತಿ ಬೇಸಿಗೆಯಲ್ಲಿ, ಮಳೆಗಾಲ ಹತ್ತುವುದರೊಳಗೆ, ಅಪ್ಪ ಬಿಲ್ಲು ಹೊತ್ತು ಮುಂಡರಗಿಗೆ ಬಂದೇ ಬರುತ್ತಿದ್ದ. ಕೂತ ಹತ್ತಿಯನ್ನು ಎಬ್ಬಿಸಿ, ಚೀಲದಲ್ಲಿ ತಂದ ಹೊಸ ಜವಾರಿ ಹತ್ತಿಯನ್ನೂ ಸೇರಿಸಿ, ಅಂಗೈ ಊರಿ, ಗುರುತು ಮಾಯವಾದದ್ದನ್ನು ನನಗೂ ನನ್ನ ಹೆಂಡತಿಗೂ ತೋರಿಸಿ, ಚಹಾ ಕುಡಿದು ಹೋಗುತ್ತಿದ್ದ. ಆ ಗಾದಿಯ ಕೆಳಗೆ ನಡು ಜೋತುಬಿದ್ದ ನುಲಿ ಹೊರಸು, ಹಗ್ಗದ ಮಂಚ. ಅದರ ಮೇಲೆ ಮಲಗಿದರೆ ತಲೆ ಒಂದು ದಂಡೆ, ಕಾಲು ಇನ್ನೊಂದು ದಂಡೆ, ನಾನು ಹೊಳೆಯಲ್ಲಿ.

ನೋವು ಶುರುವಾದಾಗ ನಾನು ಗಾದಿಯನ್ನು ಬಿಟ್ಟು ಉಳಿದೆಲ್ಲದರ ಮೇಲೂ ಗುಮಾನಿಪಟ್ಟೆ. ಚಿಂತೆ ಮಾಡುವುದು ನನಗೆ ಮೊದಲಿನಿಂದಲೂ ಬಂದ ವಿದ್ಯೆ. ಮೊದಲು ಮೂತ್ರಪಿಂಡದಲ್ಲಿ ಕಲ್ಲು ಎಂದುಕೊಂಡೆ. ಆಮೇಲೆ ಎಲುಬಿಗೆ ಕ್ಷಯ ಬಂದಿದೆ ಎಂದು ನಿರ್ಧರಿಸಿ, ನಾನಿಲ್ಲದಾಗ ಹೆಂಡತಿ ಎಲ್ಲಿ ಇರಬೇಕೆಂಬುದನ್ನೂ ಯೋಚಿಸಿ ಮುಗಿಸಿದ್ದೆ. ಅವಳಿಗೆ ಹೇಳಿದರೆ, “ಅಲ್ಲೀತನಕ ಅಕ್ಕಿ ಆರಿಸಿಕೊಡ್ರಿ,” ಅಂದಳು. ನಾನು ಮಾಸ್ತರಿಕೆ ಮಾಡುತ್ತಿದ್ದ ಶಾಲೆ ಡೋಣಿ ಎಂಬ ಹಳ್ಳಿಯಲ್ಲಿ. ಅಲ್ಲಿಗೆ ಹೋಗುವ ಬಸ್ಸಿನ ಹಿಂದಿನ ಸೀಟು ಮತ್ತು ಆ ದಾರಿಯ ತಗ್ಗುಗಳ ಮೇಲೂ ಅಪವಾದ ಹೊರಿಸಿದೆ. ಮುಂದಿನ ಸೀಟಿಗೆ ಬಂದೆ. ನೋವೂ ಮುಂದಿನ ಸೀಟಿಗೆ ಬಂತು.

ಒಂದು ಶುಕ್ರವಾರ ಮಸೀದಿಯಲ್ಲಿ ಸಜ್ದಾಕ್ಕೆ ಹಣೆ ಊರಿದವನು ಏಳಲಾಗದೆ ಹಾಗೆಯೇ ಉಳಿದುಬಿಟ್ಟೆ. ಸಾಲಿನವರೆಲ್ಲ ಎದ್ದರು, ಮತ್ತೆ ಬಾಗಿದರು, ನಾನು ಇದ್ದಲ್ಲೇ. ನಮಾಜು ಮುಗಿದ ಮೇಲೆ ಹಿರಿಯರೊಬ್ಬರು ನನ್ನ ರಟ್ಟೆ ಹಿಡಿದು ಎಬ್ಬಿಸುತ್ತ, “ಮಾಸ್ತರಗ ಭಕ್ತಿ ಹೆಚ್ಚಾಗೈತಿ,” ಅಂದರು. ಕಣ್ಣಲ್ಲಿ ನೀರೂ ಬಂದಿತ್ತು. ಅದನ್ನೂ ಭಕ್ತಿಯ ಲೆಕ್ಕಕ್ಕೇ ಹಾಕಿಕೊಂಡರು.

ಕಾರಣ ಕಂಡುಹಿಡಿದವಳು ಹೆಂಡತಿ. ಒಂದು ದಿನ ರೊಟ್ಟಿ ಬಡಿಯುತ್ತ, ತಿರುಗಿಯೂ ನೋಡದೆ ಅಂದಳು:

“ಒಂದು ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮಾವಾರು ಬಂದು ಹೋದ ಮ್ಯಾಲೇ ನಿಮಗ ಹೆಚ್ಚಾಗತೈತಿ. ಥಂಡಿ ದಿನದಾಗ ಗಾದಿ ಕುಂತಿರತೈತಲ್ಲ, ಆವಾಗ ನೀವು ಸೀದಾ ನಡೀತೀರಿ.”

“ಹುಚ್ಚಿ, ಗಾದಿಯಿಂದ ಟೊಂಕ ನೋಯತೈತೇನು? ಗಾದಿ ಇಲ್ದಾವರಿಗೆ ನೋಯತೈತಿ.”

“ಆತು ಬಿಡ್ರಿ. ನಿಮ್ಮ ಟೊಂಕ, ನಿಮ್ಮಪ್ಪನ ಗಾದಿ. ನಡುವ ನಂದೇನೈತಿ?”

ಬಾಯಲ್ಲಿ ಹುಚ್ಚಿ ಅಂದೆ. ಒಳಗೆ ಹಿಂದಿನ ವರ್ಷಗಳನ್ನು ಒಂದೊಂದಾಗಿ ನೆನೆದು ನೋಡಿದರೆ ಅವಳ ಮಾತೇ ಸರಿ ಬರುತ್ತಿತ್ತು. ಅವತ್ತಿನಿಂದ ನೋವಿಗಿಂತ ದೊಡ್ಡ ಚಿಂತೆ ಹತ್ತಿತು. ಗದಗಿನ ಡಾಕ್ಟರರ ಹತ್ತಿರ ಹೋದೆ. ಅವರು ನನ್ನನ್ನು ಬೋರಲು ಮಲಗಿಸಿ ಬೆನ್ನೆಲುಬಿನ ಗುಂಟ ಒತ್ತುತ್ತ ಬಂದರು. ಕಲ್ಲಿನ ಮಾತಿಲ್ಲ, ಕ್ಷಯದ ಮಾತಿಲ್ಲ.

“ಎದರ ಮ್ಯಾಲ ಮಲಗತೀರಿ?” ಅಂದರು. ಹೇಳಿದೆ. ಗಾದಿಯ ದಪ್ಪವನ್ನು ಕೈಯಿಂದ ತೋರಿಸಿದೆ. ಡಾಕ್ಟರರ ಹುಬ್ಬು ಮೇಲೆ ಹೋಯಿತು.

“ಯಾರು ತುಂಬಿಕೊಟ್ಟರು ನಿಮಗ ಇಂಥಾದ್ದು?”

“ನಮ್ಮ ಕಡೇಯವರ ಒಬ್ಬರು.”

“ಅದನ್ನ ತಗೀರಿ. ಹೊರಸೂ ತಗೀರಿ. ಹಲಗಿ ಮ್ಯಾಲ ಮಲಗ್ರಿ, ಮ್ಯಾಲ ತೆಳ್ಳಗ ಏನರ ಹಾಸಕೋರಿ. ಅದರ ಮ್ಯಾಲ ಹಿಂಗ ಮಲಗಕೋತ ಹೋದ್ರ ಮುಂದ ನನ್ನ ಕಡೆ ಬರಾಕೂ ಇನ್ನೊಬ್ಬರು ಹೊತ್ಕೊಂಡು ಬರಬೇಕಾಗತೈತಿ.”

ಹೊರಗೆ ಬಂದರೆ ಅದೇ ಬೀದಿಯಲ್ಲಿ ಹೊಸದಾಗಿ ತೆರೆದ ಒಂದು ಅಂಗಡಿ. ಬಾಗಿಲಲ್ಲಿ ಸ್ಪಂಜಿನ ಗಾದಿಗಳನ್ನು ನಿಲ್ಲಿಸಿದ್ದರು. ಗುಲಾಬಿ ಬಣ್ಣ, ಹಸಿರು ಬಣ್ಣ, ಮೇಲೆ ಹೂವು. ಎಂಬತ್ತರ ದಶಕದ ಮೊದಲ ವರ್ಷಗಳವು. ಗದಗ-ಬೆಟಗೇರಿಯಲ್ಲಿ ಮದುವೆಗೆ ಸ್ಪಂಜಿನ ಗಾದಿ ಕೊಡುವುದು ಆಗ ದೊಡ್ಡಸ್ತಿಕೆ. ಲಕ್ಷ್ಮೇಶ್ವರದಲ್ಲೂ ಅಪ್ಪನ ಬಿಲ್ಲು ಗೋಡೆಗೆ ಒರಗಿ ನಿಲ್ಲುವ ದಿನಗಳು ಹೆಚ್ಚಾಗಿದ್ದವು. ಗಿರಾಕಿ ಬಂದು, “ಈಗ ಯಾರು ಹತ್ತೀ ಗಾದಿ ಹಾಸತಾರ?” ಎಂದರೆ ಅಪ್ಪನ ಹತ್ತಿರ ಇದ್ದದ್ದು ಒಂದೇ ಉತ್ತರ: “ನನ್ನ ಮಗ ಹಾಸತಾನ. ಕಲತಾಂವ, ಮಾಸ್ತರ. ಬೇಕಾದ್ದು ತಗೊಳ್ಳಾಕ ಆಗತೈತಿ ಅಂವಗ. ಆದ್ರೂ ನನ್ನ ಗಾದೀ ಮ್ಯಾಲ ಮಲಗತಾನ.” ಅವ್ವ ಇದನ್ನು ನನಗೆ ಹೇಳಿ ನಕ್ಕಿದ್ದಳು. ಅಪ್ಪನ ಅಂಗಡಿಗೆ ಬೋರ್ಡು ಇರಲಿಲ್ಲ. ನಾನೇ ಬೋರ್ಡು.

ಆ ಬೋರ್ಡು ಈಗ ಗದಗಿನ ಬೀದಿಯಲ್ಲಿ ಟೊಂಕ ಹಿಡಿದುಕೊಂಡು ನಿಂತಿತ್ತು. ಗಾದಿ ತೆಗೆದರೆ ಅಪ್ಪ ಉಳಿಯುವುದಿಲ್ಲ, ತೆಗೆಯದಿದ್ದರೆ ನಾನು ಉಳಿಯುವುದಿಲ್ಲ ಎಂದು ಬಸ್ಸಿನುದ್ದಕ್ಕೂ ಅನ್ನಿಸಿತು. ಈಗ ಬರೆಯುವಾಗ ಇದು ಅತಿ ಅನ್ನಿಸುತ್ತದೆ. ಅವತ್ತು ಅನ್ನಿಸಲಿಲ್ಲ.

ಹಲಗೆಯನ್ನೇನೋ ಹುಡುಕಿಕೊಂಡೆ. ನಮ್ಮ ಶಾಲೆಯಲ್ಲಿ ಬಿರುಕು ಬಿಟ್ಟು ಮೂಲೆಗೆ ಸೇರಿದ್ದ ಒಂದು ದೊಡ್ಡ ಕರಿಹಲಗೆ ಇತ್ತು. ಹೆಡ್‌ಮಾಸ್ತರರನ್ನು ಕೇಳಿದೆ. “ಒಲಿಗೆ ಹಾಕೂದಾಗಿತ್ತು, ನೀವ ಒಯ್ರಿ,” ಅಂದರು. ಅದನ್ನು ನೆಲದ ಮೇಲೆ ಹಾಸಿದೆ. ಗಾದಿ ಸುರುಳಿಯಾಗಿ ಮೂಲೆ ಸೇರಿತು. ಮೊದಲ ದಿನ ಬರೀ ಹಲಗೆಯ ಮೇಲೆ ಒಂದು ಜಮಖಾನೆ ಹಾಸಿ ಮಲಗಿ ಎದ್ದರೆ ಟೊಂಕದ ನೋವು ಭುಜಕ್ಕೂ ಚಪ್ಪೆಗೂ ಹಂಚಿಹೋಗಿತ್ತು. ಜಮಖಾನೆ ಸರಿದು ಅಂಗಿಯ ಬೆನ್ನಿಗೆ ಕರಿ ಹತ್ತಿತ್ತು. “ಛಲೋ ಆತು, ಮಗ್ಗಿ ಅಂಟಿದ್ರ ಇನ್ನೂ ಛಲೋ ಇತ್ತು. ಹುಡುಗರಿಗೆ ಬೆನ್ನು ತಿರುಗಿಸಿ ನಿಂತ್ರ ಸಾಕಾಗತಿತ್ತು,” ಅಂದಳು ಹೆಂಡತಿ.

ಆಮೇಲೆ ಪದರುಗಳ ಪ್ರಯೋಗ ಹತ್ತಿತು. ಹಲಗೆಯ ಮೇಲೆ ಗೋಣಿತಟ್ಟು ಹಾಕಿದರೆ ಕರಿ ಹತ್ತುವುದು ನಿಂತಿತು. ತಟ್ಟಿನ ಮೇಲೆ ಕಂಬಳಿ ಹಾಕಿದರೆ ಬೆಚ್ಚಗಾಯಿತು, ಆದರೆ ಮಗ್ಗುಲು ಬದಲಿಸಿದಾಗ ಕಂಬಳಿ ಒಂದು ದಿಕ್ಕಿಗೆ, ನಾನು ಇನ್ನೊಂದು ದಿಕ್ಕಿಗೆ. ಕಂಬಳಿಯ ಮೇಲೆ ಅವ್ವನ ಕೌದಿ ಹಾಸಿದೆ. ಅವ್ವ ತನ್ನ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು, ಸಾಲುಸಾಲಾಗಿ ಹೊಲಿದ ಕೌದಿ ಅದು. ಬಿಚ್ಚಿ ಹಾಸಿದರೆ ತೆಳ್ಳಗಾಯಿತು, ನಾಲ್ಕು ಮಡಿಕೆ ಮಾಡಿದರೆ ಎತ್ತರವಾಯಿತು, ಎರಡು ಮಡಿಕೆಗೆ ಕೂತಿತು. ಇನ್ನೂ ಟೊಂಕದ ಕೆಳಗೆ ಒಂದು ಪೊಳ್ಳು ಉಳಿಯುತ್ತಿತ್ತು. ಅಲ್ಲಿಗೆ ಟವೆಲ್ ಮಡಿಸಿ ಇಟ್ಟೆ. ದಪ್ಪವಾಯಿತು, ಒಂದು ಮಡಿಕೆ ಬಿಚ್ಚಿದೆ. ಮೊಣಕಾಲ ಕೆಳಗೆ ದಿಂಬು ಕೊಟ್ಟೆ. ದಿನವೂ ಏನಾದರೊಂದು ಸರಿಸುತ್ತಿದ್ದೆ.

“ಹಾಸಿಗಿ ಹಾಸತೀರೋ, ಮನೀ ಕಟ್ಟತೀರೋ?” ಎಂದು ಬಾಗಿಲಲ್ಲಿ ನಿಂತು ಕೇಳುವಳು ಹೆಂಡತಿ. “ವಾಸ್ತು ಮುಗದ ಮ್ಯಾಲ ಕರೀರಿ, ಬಂದು ಮಲಗತೀನಿ.”

ಆದರೆ ದೀಪಾವಳಿಯ ಹೊತ್ತಿಗೆ ನಾನು ಗೋಡೆ ಬಿಟ್ಟು ನಡೆಯುತ್ತಿದ್ದೆ. ಮಸೀದಿಯಲ್ಲಿ ಸಾಲಿನವರ ಜೊತೆಗೇ ಬಾಗಿ ಜೊತೆಗೇ ಏಳುತ್ತಿದ್ದೆ. ಪೂಜಾರರಿಗೆ ಬೆಳಗಿನ ಮಾತು ಇಲ್ಲದಂತಾಯಿತು.

ಬೇಸಿಗೆ ಬಂತು. ಲಕ್ಷ್ಮೇಶ್ವರದಿಂದ ಬಂದ ನೆಂಟರೊಬ್ಬರು ಬಾಗಿಲಲ್ಲೇ ನಿಂತು ಹೇಳಿಹೋದರು: “ನಾಳಿಗೆ ನಿಮ್ಮಪ್ಪ ಬರತಾನ. ಹತ್ತೀ ಚೀಲಾ ಕಟ್ಟಿಟ್ಟಾನ.”

ನಾವು ಗಂಡಹೆಂಡತಿ ಕಳ್ಳರ ಹಾಗೆ ಮನೆಯ ಚಹರೆ ಬದಲಿಸಿದೆವು. ಹೊರಸು ಬಂತು, ಅದರ ಮೇಲೆ ಗಾದಿ ಬಂತು. ತಟ್ಟು, ಕಂಬಳಿ, ಕೌದಿ ಅಟ್ಟಕ್ಕೆ ಹೋದವು. ಕರಿಹಲಗೆಯನ್ನು ಎಲ್ಲಿ ಅಡಗಿಸುವುದು? ಕೊನೆಗೆ ಗೋಡೆಗೆ ಒರಗಿಸಿ ನಿಲ್ಲಿಸಿ, ಪಾಠದ ಹಲಗೆಯೇ ಎನ್ನಿಸಲೆಂದು ಸೀಮೆಸುಣ್ಣದಲ್ಲಿ ಏಳರ ಮಗ್ಗಿ ಬರೆದೆ. ಅಪ್ಪ ಬಂದವನು ಮೊದಲು ನೋಡಿದ್ದೇ ಅದನ್ನು. ಅವನಿಗೆ ಓದಲು ಬರುತ್ತಿರಲಿಲ್ಲ. ಬಿಲ್ಲು ಇಳಿಸಿ ಅದರ ಮುಂದೆ ಬಹಳ ಹೊತ್ತು ನಿಂತ.

“ಮನ್ಯಾಗೂ ಸಾಲಿ ನಡಸ್ತಿ ಏನಪಾ?”

“ಹೂಂ, ಒಂದೀಟು.”

“ದಣಿತೀದಿ. ದಣಿದಾಂವ ಮೆತ್ತಗ ಮಲಗಬೇಕು,” ಎಂದು ಅಂಗಳಕ್ಕೆ ಗಾದಿ ಎಳೆದುಕೊಂಡ. ಹೊಲಿಗೆ ಬಿಚ್ಚಿ ಕೈ ಒಳಗೆ ಹಾಕಿ ಹತ್ತಿ ಹಿಸುಕಿದ. “ಈ ವರ್ಷ ಅಷ್ಟೇನೂ ಕುಂತಿಲ್ಲಲ?” ಅಂದ. ಹೆಂಡತಿ ಒಳಗೆ ಹೋಗಿಬಿಟ್ಟಳು. ನಾನು, “ನೀ ಹೋದಸಲ ಛಲೋ ಹಿಂಜಿದ್ದಿ,” ಅಂದೆ. ಅಪ್ಪ ಅದಕ್ಕೆ ಖುಷಿಯಾಗಿ ಇಡೀ ಚೀಲ ತುಂಬಿದ.

ಅಂಗೈ ಊರಿದ. ಗುರುತು ಎದ್ದು ಮಾಯವಾಯಿತು. ನಾವು ತಲೆ ಆಡಿಸಿದೆವು.

ಅಪ್ಪ ಆ ಸಲ ರಾತ್ರಿ ಉಳಿದ. ಊರಿನ ಮನೆಯಲ್ಲಿ ಮಲಗುವ ಹಾಗೆ ತಾನು ಪಡಸಾಲೆಯ ನೆಲದ ಮೇಲೆ ಖಾಲಿ ಹತ್ತಿಚೀಲ ಹಾಸಿಕೊಂಡು ಮಲಗಿದ. ನಾನು ಗಾದಿಯ ಮೇಲೆ ಮಲಗಿದೆ, ಮೇಲಿಂದ ಬಿದ್ದವನನ್ನು ಹತ್ತಿ ನುಂಗಿದ ಹಾಗೆ. ಬೆಳಿಗ್ಗೆ ನಮಾಜಿಗೆ ಕರೆಯಲು ಬಂದ ಅಪ್ಪನಿಗೆ ಕಂಡದ್ದು ಎರಡೂ ಕೈಯಿಂದ ಹೊರಸಿನ ಕಟ್ಟು ಹಿಡಿದು, ಏಳಲೂ ಆಗದೆ ಮಲಗಲೂ ಆಗದೆ ಅರ್ಧಕ್ಕೆ ನಿಂತ ಮಗ. ಕೂಗಬಾರದೆಂದು ತುಟಿ ಕಚ್ಚಿದ್ದೆ. ಬೆವರು ಇಳಿಯುತ್ತಿತ್ತು.

“ಏನಾತಲೇ?”

ಅಪ್ಪ ನನ್ನ ಕಂಕುಳಿಗೆ ಕೈ ಕೊಟ್ಟು ಎತ್ತಿದ. ಹತ್ತಿಯ ಗಾದಿ ಎತ್ತುವ ಹಾಗೆ, ಒಂದೇ ಸಲಕ್ಕೆ. ಎತ್ತುವಾಗ ಅವನೂ ಸಣ್ಣಗೆ ನರಳಿದ್ದು ಕೇಳಿಸಿತು. ಒಲೆಯ ಹತ್ತಿರ ಇದ್ದ ಹೆಂಡತಿ ಓಡಿಬಂದಳು. ಅಪ್ಪ ಅವಳ ಕಡೆ ನೋಡಿದ. ಅವಳು ನನ್ನ ಕಡೆ ನೋಡಿದಳು. ಆಮೇಲೆ ಅಟ್ಟಕ್ಕೆ ಕೈ ಹಾಕಿ ತಟ್ಟು, ಕಂಬಳಿ, ಕೌದಿ ಒಂದೊಂದಾಗಿ ಕೆಳಗೆ ಎಳೆದಳು. ಕರಿಹಲಗೆಯನ್ನು ಏಳರ ಮಗ್ಗಿಯ ಸಮೇತ ನೆಲಕ್ಕೆ ಹಾಕಿದಳು. ಅದರ ಮೇಲೆ ಪದರುಗಳನ್ನು ಕ್ರಮವಾಗಿ ಹಾಸಿ, ಟವೆಲ್ಲನ್ನೂ ಮಡಿಸಿಟ್ಟು, “ಮಾವಾ, ಇವರು ಮಲಗೂದು ಇದರ ಮ್ಯಾಲ. ಡಾಕ್ಟರು ಹೇಳ್ಯಾರ,” ಅಂದಳು.

ನನ್ನನ್ನು ಹಲಗೆಯ ಮೇಲೆ ಇಳಿಸಿ ಅಪ್ಪ ಪಕ್ಕದಲ್ಲಿ ಕುಂತ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವನು ಗಾದಿಯ ಕಡೆ ನೋಡಲೇ ಇಲ್ಲ. ಕೌದಿಯ ಅಂಚನ್ನು ಬೆರಳಲ್ಲಿ ಹಿಡಿದು ತಿಕ್ಕಿದ.

“ಕಡೀಕ ನಿಮ್ಮವ್ವನ ಕೌದೀನ ಗೆದ್ದಿತಲ್ಲಲೇ.”

ನಗಲೋ ಬೇಡವೋ ತಿಳಿಯಲಿಲ್ಲ. ಹೆಂಡತಿಯೇ ಬಾಯಿ ತೆರೆದಳು. “ಮಾವಾ, ನಾ ಒಂದು ಕೇಳಲೇನು? ಊರ ಮಂದಿಗೆಲ್ಲಾ ಗಾದಿ ಮಾಡ್ತೀರಿ. ನೀವು ಗಾದೀ ಮ್ಯಾಲ ಮಲಗಿದ್ದು ನಾ ಒಂದ ದಿನಾ ನೋಡಿಲ್ಲ.”

“ನನಗ ನೆಲಾನ ಆಗಬೇಕವ್ವಾ. ಬಿಲ್ಲು ಹೊತ್ತ ನಡಾ ಅದು, ಹೋಗಿ ಎಷ್ಟೋ ವರ್ಷ ಆತು. ಮೆತ್ತಗಿದ್ರ ಏಳಾಕ ಬರಂಗಿಲ್ಲ.”

ನಾನು ಮಲಗಿದ್ದಲ್ಲೇ ತಲೆ ಎತ್ತಿದೆ. “ಹಂಗಾದ್ರ ನಿನಗ ಗೊತ್ತಿತ್ತು?”

“ಗೊತ್ತಿರದ ಏನಲೇ?”

“ಮತ್ತ ನನಗ್ಯಾಕ ಇಷ್ಟು ತುಂಬಿದಿ?”

ಅಪ್ಪ ನನ್ನ ಮುಖ ನೋಡಿದ. ಎಂಥ ದಡ್ಡನಿಗೆ ಮಾಸ್ತರಿಕೆ ಕೊಟ್ಟಿದ್ದಾರೆ ಎನ್ನುವ ನೋಟ.

“ಮಗನ್ನ ನೆಲದ ಮ್ಯಾಲ ಮಲಗಸಾಕ ನಾ ಇಷ್ಟು ವರ್ಷ ಹತ್ತಿ ಹಿಂಜಿದೆನೇನು?”

ಈಗ ಅವನ ಅಂದಿನ ವಯಸ್ಸಿಗೆ ಬಂದಿದ್ದೇನೆ. ನನ್ನ ಮಕ್ಕಳ ಹಾಸಿಗೆ ಹೆಚ್ಚು ಮೆತ್ತಗಿದೆಯೋ, ಹೆಚ್ಚು ಗಟ್ಟಿಯಿದೆಯೋ ಎಂದು ದಿನವೂ ಒತ್ತಿ ನೋಡಿ ಅವರಿಂದ ಬೈಸಿಕೊಳ್ಳುತ್ತೇನೆ.

ಮಧ್ಯಾಹ್ನ ಊಟವಾದ ಮೇಲೆ ಅಪ್ಪ, “ಸರೀ ಆಕಡೆ,” ಎಂದು ನನ್ನನ್ನು ಸರಿಸಿ ತಾನೇ ಆ ಹಲಗೆಯ ಮೇಲೆ ಮಲಗಿದ. ಕೌದಿ ಸರಿಮಾಡಿಕೊಂಡ. ಟವೆಲ್ಲನ್ನು ತೆಗೆದು ಒಗೆದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೈಚಾಚಿ ಅದನ್ನೇ ಎಳೆದುಕೊಂಡು ಟೊಂಕದ ಕೆಳಗೆ ಇಟ್ಟುಕೊಂಡ. ಹಾಗೆಯೇ ನಿದ್ದೆ ಹೋದ. ಹಗಲು ಅಪ್ಪ ಮಲಗಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಅವನ ಬಾಯಿ ತುಸು ತೆರೆದಿತ್ತು, ಮೀಸೆಗೆ ಒಂದು ಎಳೆ ಹತ್ತಿ ಅಂಟಿತ್ತು. ನಾನು ಅಭ್ಯಾಸಬಲದಿಂದ ಅವನ ಉಸಿರು ಸರಿಯಿದೆಯೇ ಎಂದು ಎರಡು ಸಲ ಬಗ್ಗಿ ನೋಡಿದೆ. ಟೊಂಕ ಒಪ್ಪಲಿಲ್ಲ, ಆದರೂ ನೋಡಿದೆ.

ಸಂಜೆ ಗಾದಿಯನ್ನು ಸುರುಳಿ ಸುತ್ತಿ ಹಗ್ಗದಿಂದ ಬಿಗಿದ. “ಇಲ್ಲೇ ಇರಲಿ ಮಾವಾ, ಬಂದವರಿಗೆ ಹಾಸಾಕ ಆಗತೈತಿ,” ಎಂದು ಹೆಂಡತಿ ಹಗ್ಗ ಹಿಡಿದಳು. “ಬ್ಯಾಡವ್ವಾ. ಹತ್ತಿ ಛಲೋ ಐತಿ, ಎರಡು ಮಂದಿ ಗಿರಾಕಿ ಗಾದಿಗೆ ಆಗತೈತಿ,” ಎಂದು ಬಿಡಿಸಿಕೊಂಡ. ಬಂದದ್ದು ಹೇಗೋ ಹಾಗೆಯೇ ಆ ಗಾದಿ ಬಸ್ಸಿನ ಮೇಲೇರಿ ಹೋಯಿತು. ನಾನು ನಿಲ್ದಾಣದವರೆಗೂ ಹೋಗಲಾರದೆ ಬಾಗಿಲಲ್ಲೇ ನಿಂತೆ. ಎದುರುಮನೆಯ ಪೂಜಾರರು ಕಟ್ಟೆಯ ಮೇಲಿದ್ದರು. ಅವತ್ತು ಅವರೂ ಗಾದಿ ಓಣಿ ದಾಟುವವರೆಗೆ ನೋಡಿ, ಎದ್ದು ಒಳಗೆ ಹೋದರು.

ಲಕ್ಷ್ಮೇಶ್ವರದಲ್ಲಿ ಗಿರಾಕಿಗಳಿಗೆ ಅಪ್ಪ ಆಮೇಲೆ ಏನು ಹೇಳಿದ ಎಂಬುದು ನನ್ನನ್ನು ಕೊರೆಯುತ್ತಿತ್ತು. ಅವ್ವನನ್ನು ಕೇಳಿದೆ. “ಏನೂ ಹೇಳಂಗಿಲ್ಲ. ಯಾರರ ಸ್ಪಂಜಿನ ಮಾತು ತಗದ್ರ, ನಿಮಗ ಹ್ಯಾಂಗ ಬೇಕೋ ಹಂಗ ತಗೋರಿ ಅಂತಾನ,” ಅಂದಳು. ನನ್ನ ಮಾತು ಬರುತ್ತದೆಯೇ ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಪ್ಪ ಬರುವುದಿಲ್ಲ ಎಂದೇ ನಂಬಿ, ಅದರ ಚಿಂತೆಯನ್ನು ಮೊದಲೇ ಮಾಡಿ ಮುಗಿಸಿದ್ದೆ. ಅವನು ಬಂದ. ಹೆಗಲ ಮೇಲೆ ಬಿಲ್ಲು ಇರಲಿಲ್ಲ. ಆ ಹೆಗಲು ಒಂದು ಕಡೆ ತಗ್ಗಾಗಿತ್ತೆಂಬುದು ಬಿಲ್ಲು ಇಲ್ಲದ ದಿನವೇ ಕಂಡಿತು. ಕೈಯಲ್ಲಿ ಅವ್ವ ಹೊಲಿದ ಇನ್ನೊಂದು ಕೌದಿ ಇತ್ತು. ಚಹಾ ಬರುವವರೆಗೂ ಏನು ಮಾಡಬೇಕೆಂದು ತಿಳಿಯದವನ ಹಾಗೆ ಪಡಸಾಲೆಯಲ್ಲಿ ಕುಂತ. ಅಂಗಳದ ಕಡೆ ನೋಡಿದ. ಆಮೇಲೆ ಒಳಗೆ ಬಂದು ನನ್ನ ಹಲಗೆಯ ಮೇಲೆ ಹೊಸ ಕೌದಿ ಹಾಸಿ, ಅಂಚು ಎಳೆದು, ನಟ್ಟನಡುವೆ ಅಂಗೈ ಊರಿ ಒತ್ತಿದ.

ಕೈ ತೆಗೆದ. ಕೌದಿಯ ಮೇಲೆ ಅಂಗೈ ಗುರುತು ಹಾಗೇ ಉಳಿಯಿತು. ಅದು ಏಳುವುದಿಲ್ಲವೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಚಹಾ ಆರುತ್ತಿದೆ ಎಂದು ಹೆಂಡತಿ ಕೂಗುವವರೆಗೂ ಅಪ್ಪ ಅದನ್ನೇ ನೋಡುತ್ತ ಕುಂತಿದ್ದ. ನಾನು ಅವನ ಪಕ್ಕದಲ್ಲಿ ನಿಂತಿದ್ದೆ, ನೆಟ್ಟಗೆ.